ಬಿಸಿನೀರ ಬುಗ್ಗೆಗೆ ಮೀಯದೆ ಹೊರಟ ಅತ್ತೆ

ನಮ್ಮತ್ತೆ ಪುಟ್ಟಬಸಮ್ಮನವರು ಮಿಂದು ಲಿಂಗಪೂಜೆ ಮಾಡದೆ ತುತ್ತು ಬಾಯಿಗಿಡುವವರಲ್ಲ. ಅವತ್ತು ಸುತ್ತೂರಿನಿಂದ ನಸುಕಿಗೇ ಕಾರು ಹೊರಟಾಗ ಮಾತ್ರ ಮೀಯಲೇ ಇಲ್ಲ. "ಬಿಸಿನೀರ ಬುಗ್ಗೆಗೇ ಓಯ್ತಾ ಇದ್ದೀವಿ, ಮನೇಲ್ಯಾಕೆ ನೀರು ಕಾಯ್ಸಾದು? ಅಲ್ಲೇ ಮಿಂದು ಪೂಜೆ ಮಾಡ್ಕತೀನಿ" ಎಂದರು. ಪುತ್ತೂರಿನಾಚೆಯ ಆ ಬುಗ್ಗೆ ಮಂಡಿನೋವಿಗೆ ಒಳ್ಳೆಯದೆಂದು ಯಾರೋ ತಲೆಗೆ ತುಂಬಿದ್ದರು. ಟಿಕೆಟ್ಟೂ ಇಲ್ಲವಂತೆ, ಬಯಲಲ್ಲೇ ಇದೆಯಂತೆ.

ಮಡಿಕೇರಿ ದಾಟಿದ ಮೇಲೆ ಘಾಟಿಯಲ್ಲಿ ಲಾರಿಯೊಂದು ಕೆಟ್ಟು ನಿಂತು ದಾರಿ ಕಟ್ಟಿತು. ಅತ್ತೆಯ ಹಣೆಯಲ್ಲಿ ಬೆವರು ಕಂಡು ನನಗೆ ಅನುಮಾನ ಬಂತು.

"ಅತ್ತೆ, ಸಕ್ಕರೆ ಕಾಯಿಲೆ ಮಾತ್ರೆ ತಕ್ಕಂಡ್ರಾ?"

"ಬೆಳಗ್ಗೇನೇ ನುಂಗ್ದೆ."

"ಏನೂ ತಿನ್ನದಲೇ ನುಂಗುದ್ರಾ?"

"ಮಾತ್ರೆ ಏನು ಊಟವೇನವ್ವ, ರಂಜನಿ? ಔಷ್ದಿಗೆಂಥ ಮೈಲಿಗೆ?"

ಖಾಲಿ ಹೊಟ್ಟೆಗೆ ಆ ಮಾತ್ರೆ ಬಿದ್ದರೆ ಮೈಯ ಸಕ್ಕರೆ ತೀರಾ ಇಳಿದು ಎಚ್ಚರ ತಪ್ಪಿದರೂ ತಪ್ಪೀತು. ಬುತ್ತಿ ಚೀಲದಿಂದ ಬೆಲ್ಲದ ಚೂರು ತೆಗೆದು ಚಾಚಿದೆ. ಅತ್ತೆ ಬಾಯಿ ಬಿಗಿದು ಕಿಟಕಿ ಕಡೆ ತಿರುಗಿದರು. ಕಾರು ಓಡಿಸುತ್ತಿದ್ದ ನನ್ನ ಗಂಡ ನಂಜೇಶ್, "ಇನ್ನೇನು ಬಂದೇಬುಡ್ತು" ಎಂದರು. ದಾರಿಯುದ್ದಕ್ಕೂ ಅದನ್ನೇ ಎಂದರು. ತಾಯಿಗೆ ಹಟ, ಮಗನಿಗೆ ಭಂಡ ಧೈರ್ಯ. ನಾನು ಕೂತಲ್ಲೇ ಬೇಯುತ್ತಿದ್ದೆ.

ಬುಗ್ಗೆ ತಲುಪಿದರೆ ಕೊಳದ ತುಂಬ ಗಂಡಸರು, ಕುತ್ತಿಗೆವರೆಗೆ ಮುಳುಗಿ ಹರಟುತ್ತಿದ್ದರು. ಅತ್ತೆ ಮೆಟ್ಟಿಲ ಮೇಲೆ ಕುಸಿದು, "ಅವ್ರು ಎದ್ದೋಗ್ಲಿ, ಆಮ್ಯಾಕೆ ಇಳೀತೀನಿ" ಎಂದರು. ನಾಲಿಗೆ ತೊದಲುತ್ತಿತ್ತು, ಕೈ ನಡುಗುತ್ತಿತ್ತು.

ಹೆದರಿಕೆಗೆ ನನಗೆ ಸಿಟ್ಟು ನೆತ್ತಿಗೇರಿತು. ಚೊಂಬು ತಂದು, ಗಂಡಸರ ಪಕ್ಕದಲ್ಲೇ ಬಗ್ಗಿ ನೀರು ಮೊಗೆದು, ಸೀರೆ ಸಮೇತ ಅತ್ತೆಯ ತಲೆಯ ಮೇಲೆ ಸುರಿದೆ. ಮತ್ತೆ ಮೊಗೆದೆ, ಮತ್ತೆ ಸುರಿದೆ.

"ಮಿಂದಾಯ್ತು! ಪೂಜೆ ಮಾಡಿ!"

ಬೈಯುತ್ತಾರೆಂದುಕೊಂಡೆ. ಅತ್ತೆ ಸುಮ್ಮನೆ ಮುಖ ಒರೆಸಿಕೊಂಡು, ಕೊರಳಲ್ಲಿದ್ದ ಬೆಳ್ಳಿ ಕರಡಿಗೆ ತೆರೆದು ಲಿಂಗವನ್ನು ಎಡಗೈಗೆ ತೆಗೆದುಕೊಂಡರು. ಅಂಗೈ ನಿಲ್ಲುತ್ತಿರಲಿಲ್ಲ. ಲಿಂಗ ಜಾರಿ ನೆಲಕ್ಕೆ ಬಿದ್ದರೆ ಈಕೆ ಮತ್ತೆ ಅನ್ನವನ್ನೇ ಮುಟ್ಟುವವರಲ್ಲ. ಅವರ ಕೈಯ ಕೆಳಗೆ ನನ್ನ ಕೈ ಕೊಟ್ಟು ಹಿಡಿದೆ. ವಿಭೂತಿ ಹಚ್ಚಿ, ಪತ್ರೆ ಏರಿಸಿ ಕಣ್ಣು ಮುಚ್ಚಿದರು. ಅಷ್ಟು ಉದ್ದದ ಪೂಜೆಯನ್ನು ನಾನು ಜನ್ಮದಲ್ಲಿ ಕಂಡಿಲ್ಲ.

ಕಣ್ಣು ತೆರೆದವರೇ ತಾವಾಗಿ ಬಾಯಿ ತೆರೆದರು. ಬೆಲ್ಲ ಇಟ್ಟೆ. ನನಗೆ ಅಳು ಬಂದುಬಿಟ್ಟಿತು.

ನಡುಕ ಇಳಿದ ಮೇಲೆ, "ನೀರು ಅಂಥಾ ಬಿಸಿ ಏನಿಲ್ಲ ಕಣವ್ವ, ನಮ್ಮನೆ ಬಚ್ಚಲ ಅಂಡೇನೇ ವಾಸಿ" ಎಂದರು. ಮಂಡಿಯನ್ನು ನೀರಿಗೆ ಇಳಿಸಲೇ ಇಲ್ಲ. ಸೊಂಟದ ಒದ್ದೆ ಚೀಲದಿಂದ ಮಾತ್ರೆಯ ಪಟ್ಟಿ ತೆಗೆದು ನನ್ನ ಕೈಗೆ ತುರುಕಿದರು.

"ಇನ್ಮೇಲೆ ಇದು ನಿನ್ನ ತಾವೇ ಇರ್ಲಿ."