ಅಧಿಕಾರಿಗಳ ಗ್ಯಾಲರಿಯಿಂದ ಒಂದು ಚೀಟಿ

ಪಕ್ಕದಲ್ಲಿ ಕೂತ ಆಹಾರಮಂತ್ರಿ ಮೇಜಿನಡಿ ಬೂಟು ಕಳಚಿಟ್ಟು ಕಾಲ್ಬೆರಳು ಆಡಿಸುತ್ತಿದ್ದಾರೆ, ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕುತ್ತಿದೆ, ಎದ್ದು ನಿಂತು ಗೋದಾಮಿನ ಇಲಿಗಳ ಬಗ್ಗೆ ಉತ್ತರ ಕೊಡುವಾಗಲೂ ಬೂಟು ಹಾಕಿಕೊಳ್ಳಲಿಲ್ಲ, ಎಷ್ಟು ನಿಶ್ಚಿಂತೆಯ ಮನುಷ್ಯ, ಇಲಿಗಳು ಪತ್ರ ಬರೆಯುವುದಿಲ್ಲವಲ್ಲ — ಇದು ನಲವತ್ತೊಂದನೇ ಪ್ರಶ್ನೆ, ನಲವತ್ತೆರಡು ನನ್ನದು, ಕಾಲುಸೇತುವೆಯದು, ಪ್ರಶ್ನೋತ್ತರದ ವೇಳೆ ಮುಗಿಯಲು ಗೋಡೆಯ ಗಡಿಯಾರದಲ್ಲಿ ಇನ್ನು ಹನ್ನೆರಡು ನಿಮಿಷ ಇದೆ, ಇಲಿಗಳ ಮೇಲೆ ಇನ್ನಷ್ಟು ಕೇಳಿರಪ್ಪ, ಬೇಕಾದರೆ ಬೆಕ್ಕಿನ ಮೇಲೂ ಕೇಳಿ, ವೇಳೆ ಮುಗಿದರೆ ನಾನು ಏಳದೆಯೇ ನನ್ನ ಉತ್ತರ ಮಂಡನೆಯಾಗುತ್ತದೆ, ಅದರಲ್ಲಿ ಇರುವುದು ಇಷ್ಟೇ, ಹಲಗೆ ಮುರಿಯಿತು, ಆರೋಗ್ಯ ಕೇಂದ್ರದ ನರ್ಸ್ ಹೊಳೆಗೆ ಬಿದ್ದು ತೀರಿಹೋದರು, ತನಿಖೆ ನಡೆಯುತ್ತಿದೆ, ಎಲ್ಲ ನಿಜವೇ, ತೊಂದರೆ ಇರುವುದು ಆಮೇಲೆ ಬಾಯಿಮಾತಿನಲ್ಲಿ ಕೇಳುವ ಉಪಪ್ರಶ್ನೆಯಲ್ಲಿ. ದುರಸ್ತಿ ಮಾಡಿ ಅಂತ ಎಂಜಿನಿಯರ್ ಪತ್ರ ಬರೆದಿದ್ದರೇ ಅಂತ ಕೇಳಿದರೆ ಬಂದಿಲ್ಲ ಅಂದುಬಿಡಿ ಸಾರ್, ಬೆಳಿಗ್ಗೆ ಇಲಾಖೆಯ ಕಾರ್ಯದರ್ಶಿ ಹೇಳಿದರು, ಕನ್ನಡಕ ಒರೆಸುತ್ತ, ಬಂದಿತ್ತಲ್ಲಮ್ಮ, ಮೂರು ಸಲ ಬಂದಿತ್ತಲ್ಲ ಅಂದೆ, ಕಡತದಲ್ಲಿ ಈಗ ಇಲ್ಲ ಸಾರ್ ಅಂದರು, ಹಾಲು ಇನ್ನೂ ಬಂದಿಲ್ಲ ಅನ್ನುವಷ್ಟು ಸಲೀಸಾಗಿ, ಎಂಜಿನಿಯರ್ ಹತ್ತಿರ ಮಾತಾಡಿದೀನಿ, ಪತ್ರ ಬರೀಲಿಲ್ಲ ಅನ್ನೋ ತಪ್ಪು ಅವರೇ ಹೊತ್ಕೋತಾರೆ, ಆರು ತಿಂಗಳು ಅಮಾನತು, ಆಮೇಲೆ ಒಳ್ಳೆ ಜಾಗಕ್ಕೆ ಹಾಕೋಣ, ಗ್ಯಾಲರಿಲಿ ಅವರೇ ಕೂತಿರ್ತಾರೆ, ಉಪಪ್ರಶ್ನೆಗೆ ಉತ್ತರದ ಚೀಟಿ ಅವರೇ ಕಳಿಸ್ತಾರೆ. ತನ್ನ ಕುತ್ತಿಗೆಗೆ ತಾನೇ ಹಗ್ಗ ಹೊಸೆದು ಕೊಡುವ ಕೆಲಸ, ಹೊಸೆಯುವವನು ಅಗೋ ಅಲ್ಲಿ ಅಧಿಕಾರಿಗಳ ಗ್ಯಾಲರಿಯ ಎರಡನೇ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದಾನೆ, ನನ್ನನ್ನು ನೋಡುತ್ತಿಲ್ಲ, ನಾನೂ ನೋಡುತ್ತಿಲ್ಲ, ನೋಡುತ್ತಿಲ್ಲ ಅಂತ ಇಬ್ಬರಿಗೂ ಗೊತ್ತು.

ನಾನು ಜಾನುವಾರು ಆಸ್ಪತ್ರೆಯ ಕಂಪೌಂಡರ್ ಆಗಿದ್ದವನು, ಈಗಲೂ ಬೆನ್ನ ಹಿಂದೆ ಕಂಪೌಂಡರ್ ಅಂತಲೇ ಕರೆಯುತ್ತಾರೆ, ಅಡ್ಡ ಸಿಕ್ಕಿಕೊಂಡ ಕರುವನ್ನು ಹೆಗಲವರೆಗೂ ಕೈ ಹಾಕಿ ತಿರುಗಿಸಿ ಎಳೆಯುತ್ತಿದ್ದೆ, ಹಸು ಒದ್ದರೆ ಒದೆ ತಿನ್ನುತ್ತಿದ್ದೆ, ಆ ಹೊಳೆಯ ಆಚೆ ದಡಕ್ಕೂ ಅದೇ ಕಾಲುಸೇತುವೆಯ ಮೇಲೆ ಹೋಗಿದ್ದೇನೆ, ಆಗಲೇ ಹಲಗೆ ಕಿರುಗುಟ್ಟುತ್ತಿತ್ತು, ಕೊಟ್ಟಿಗೆ ಕೊಟ್ಟಿಗೆ ತಿರುಗಿದ್ದಕ್ಕೆ ಜನ ಓಟು ಹಾಕಿದರು, ಭಾಷಣ ಬರುವುದಿಲ್ಲ ಕಣೇ ಅಂದರೆ ಅಕ್ಕ ನಕ್ಕಳು, ದನಕ್ಕೆ ಮದ್ದು ಕುಡಿಸಿದವನಿಗೆ ಜನಕ್ಕೆ ಮಾತು ಕುಡಿಸೋದು ಕಷ್ಟವೇನೋ, ಕುಡಿಸಿದೆ, ಸಂಸತ್ತಿಗೆ ಬಂದೆ, ಹಿಂದಿನ ಸಾಲಿನಲ್ಲಿ ಆರು ವರ್ಷ ಮೇಜು ಗುದ್ದಿದೆ, ಆಮೇಲೆ ಉಪಮಂತ್ರಿ, ಆಮೇಲೆ ಮಂತ್ರಿ, ಒಟ್ಟು ಹನ್ನೊಂದು ವರ್ಷವಾಯಿತು. ಕೆಲಸ ಕಲಿಸಿದ ಹಳೆಯ ಮಂತ್ರಿ, ನಾವೆಲ್ಲ ದೊಡ್ಡಣ್ಣ ಅನ್ನುತ್ತಿದ್ದವರು, ಹೇಳಿಕೊಟ್ಟದ್ದು ಒಂದೇ ಪಾಠ, ತಮ್ಮಾ, ಆಗಲ್ಲ ಅಂತ ಬರೆದರೆ ವೈರಿ ಹುಟ್ತಾನೆ, ಆಗಲಿ ಅಂತ ಬರೆದರೆ ಹೊಣೆ ಹುಟ್ಟುತ್ತೆ, ಚರ್ಚಿಸಿ ಅಂತ ಬರಿ, ಏನೂ ಹುಟ್ಟಲ್ಲ. ಚರ್ಚಿಸಿ, ಮೂರು ಪತ್ರಗಳ ಮೇಲೂ ಅದನ್ನೇ ಬರೆದೆ, ಎಂಜಿನಿಯರ್ ನಂಬಿಕೊಂಡು ಚರ್ಚಿಸಲು ಬಂದ, ಹೊರಗೆ ಬೆಂಚಿನ ಮೇಲೆ ಕೂರಿಸಿ ಸಂಜೆ ಹಿಂಬಾಗಿಲಿನಿಂದ ಹೊರಟುಹೋದೆ, ಆಚೆ ದಡದ ಮತಗಟ್ಟೆಯಲ್ಲಿ ನನಗೆ ಬಿದ್ದದ್ದು ಹದಿನೇಳೇ ಓಟು, ಉಳಿದದ್ದೆಲ್ಲ ಗಂಟೆಯ ಪಕ್ಷಕ್ಕೆ, ಗಂಟೆ ಅನ್ನುವುದು ವಿರೋಧಪಕ್ಷದ ಒಬ್ಬ ಸದಸ್ಯನ ಗಂಟಲು ಕೇಳಿ ನಾವು ಇಟ್ಟ ಹೆಸರು, ಇವತ್ತಿನ ಪ್ರಶ್ನೆಯೂ ಅವನದೇ, ಗಂಟೆಯೇ ಬಂದು ಹೆಗಲ ಮೇಲೆ ಕೂರಿಸಿಕೊಂಡು ದಾಟಿಸಲಿ ಬಿಡು ಅಂದುಕೊಂಡಿದ್ದೆ, ಅಂದುಕೊಂಡಿದ್ದೆನೇ, ಹೌದು, ನಕ್ಕೂ ಇದ್ದೆ.

ಹೊಳೆ ತುಂಬಿತ್ತಂತೆ, ಆಚೆ ದಡದ ಮಕ್ಕಳಿಗೆ ಲಸಿಕೆ ಹಾಕುವ ದಿನವಂತೆ, ದಡದಲ್ಲಿದ್ದವರು ಹೇಳಿದ್ದನ್ನು ಎಂಜಿನಿಯರ್ ಫೋನಿನಲ್ಲಿ ಹೇಳಿದ, ನರ್ಸಮ್ಮ ಕಾಣಿಸ್ಲಿಲ್ಲ ಸಾರ್, ಕೈ ಮಾತ್ರ ಕಾಣ್ತಿತ್ತಂತೆ, ನೀರಿನ ಮೇಲೆ ಒಂದು ಕೈ, ಆ ಕೈಯಲ್ಲಿ ಲಸಿಕೆಯ ನೀಲಿ ಡಬ್ಬ, ನೆನೆಯದ ಹಾಗೆ ಎತ್ತಿ ಹಿಡಿದದ್ದು, ತಿರುವಿನ ತನಕ ಹಾಗೇ ಹೋಯಿತಂತೆ — ಈಜುವುದಕ್ಕೆ ಎರಡೂ ಕೈ ಬೇಕಲ್ಲ ತಾಯಿ, ಬಿಟ್ಟುಬಿಡಬಾರದಿತ್ತೇ, ಡಬ್ಬ ಹೋದರೆ ಇನ್ನೊಂದು ಬರುತ್ತಿತ್ತು, ನನಗೇನು ಗೊತ್ತಿಲ್ಲವೇ, ಕರು ಕೈಗೆ ಸಿಕ್ಕಿದ ಮೇಲೆ ಹಸು ಒದ್ದರೂ ಬಿಡುವುದಕ್ಕೆ ಆಗುವುದಿಲ್ಲ. ಬೆಳಿಗ್ಗೆ ಹೆಂಡತಿ ಕೋಟಿನ ಕಾಲರು ಸರಿಮಾಡುತ್ತ ಹೇಳಿದಳು, ನಿಜ ಹೇಳಿಬಿಡಿ, ಕುರ್ಚಿ ಹೋದರೆ ಹೋಗಲಿ, ದನದ ಸೂಜಿ ಇನ್ನೂ ಅಟ್ಟದ ಮೇಲಿದೆ, ಹೇಳ್ತೀನಿ ಕಣೇ ಅಂದೆ, ಕಾರಿನಲ್ಲೂ ಅಂದುಕೊಂಡೆ, ಮೆಟ್ಟಿಲು ಹತ್ತುವಾಗಲೂ, ಬಂದಿದ್ದವು, ಮೂರು ಬಂದಿದ್ದವು, ಎಷ್ಟು ಸಣ್ಣ ವಾಕ್ಯ.

ಇಲಿಗಳು ಮುಗಿದವು, ನಲವತ್ತೆರಡು ಅಂದರು ಸಭಾಧ್ಯಕ್ಷರು, ಎದ್ದೆ, ಉತ್ತರವನ್ನು ಸದನದ ಮುಂದೆ ಇಡಲಾಗಿದೆ, ಕೂತೆ, ಗಂಟೆ ಎದ್ದ, ಈ ಸಲ ಗಂಟಲು ಎತ್ತಲಿಲ್ಲ, ಅದೇ ಭಯ, ಮಂತ್ರಿಗಳನ್ನು ಒಂದೇ ಮಾತು ಕೇಳ್ತೀನಿ ಸ್ವಾಮಿ, ಪತ್ರ ಬಂದಿತ್ತೋ ಇಲ್ಲವೋ. ಸದನದ ಜವಾನ ಗ್ಯಾಲರಿಯ ಕಟಕಟೆಯಿಂದ ಚೀಟಿ ತಂದು ಮುಂದಿಟ್ಟ, ದುಂಡಗಿನ ನೆಟ್ಟನೆಯ ಅಕ್ಷರ, ಮೂರು ಪತ್ರಗಳ ಅದೇ ಅಕ್ಷರ, ನಕ್ಷೆ ಬರೆಯುವವರ ಹಾಗೆ ಕೆಳಗೆ ಗೆರೆ ಎಳೆದಿದ್ದಾನೆ, ಬಂದಿಲ್ಲ ಸಾರ್, ನಾನು ಹೇಳುತ್ತೇನಯ್ಯ, ಹೆದರಬೇಡ, ಬಂದಿದ್ದವು ಅನ್ನುತ್ತೇನೆ, ಎದ್ದಿದ್ದೇನೆ, ಮಾನ್ಯ ಸಭಾಧ್ಯಕ್ಷರೇ, ನಾಲಿಗೆ ಸಿದ್ಧವಾಗಿದೆ, ಕಣ್ಣು ಮಾತ್ರ ಚೀಟಿಯ ಮೇಲಿದೆ, ಮಂತ್ರಿಗಿರಿಯ ಐದು ವರ್ಷವೂ ಕಣ್ಣು ಚೀಟಿ ನೋಡಿದೆ, ಬಾಯಿ ಓದಿದೆ, ನಡುವೆ ಯಾರೂ ಇರಲಿಲ್ಲ — ಬಂದಿಲ್ಲ, ಅಂತ ಯಾರೋ ಅಂದರು, ಮೈಕಿನಲ್ಲಿ, ನನ್ನ ದನಿ, ನಮ್ಮವರು ಮೇಜು ಗುದ್ದುತ್ತಿದ್ದಾರೆ, ಆಹಾರಮಂತ್ರಿ ಬೆನ್ನು ತಟ್ಟುತ್ತಿದ್ದಾರೆ, ಕೂತೆನೇ, ಕೂತಿದ್ದೇನೆ, ಎಂಜಿನಿಯರ್ ತಲೆ ಬಗ್ಗಿಸಿ ಪೆನ್ನಿನ ಕ್ಯಾಪು ಹಾಕುತ್ತಿದ್ದಾನೆ, ಒಂದು ಸಲಕ್ಕೆ ಕೂರುತ್ತಿಲ್ಲ ಅದು, ಈಗಲೂ ಎದ್ದು ತಿದ್ದಬಹುದು, ಇನ್ನೂ ನಾಲ್ಕು ನಿಮಿಷ ಇದೆ, ಏಳಬೇಕು, ಏಳು, ನೀರು, ನೀರಿನ ಮೇಲೆ ಕೈ, ಮೊಣಕೈ ಮುಳುಗಿದೆ, ಮಣಿಕಟ್ಟು ಮುಳುಗಿಲ್ಲ, ನೀಲಿ ಡಬ್ಬ, ಇಳಿಸಮ್ಮ, ಸಾಕು ಇಳಿಸು, ಕೈ ಇಳಿಯುತ್ತಿಲ್ಲ, ಕೈ ಇಳಿಯುತ್ತಿಲ್ಲ