ನಾಲ್ಕು ಮೀಟರ್ ನಡೆದವರು

ಅವರ ಹೆಜ್ಜೆಗಳೆಲ್ಲ ಒಂದೇ ಉದ್ದದವು. ಮೂವತ್ತಾರು ವರ್ಷ ಸರ್ವೆಯರ್ ಕೆಲಸದಲ್ಲಿ ಊರೂರು ಅಲೆದು ಜನರ ಹೊಲಗಳಿಗೂ ನಿವೇಶನಗಳಿಗೂ ಎಲ್ಲೆ ಗುರುತಿಸಿದ ಆ ಮನುಷ್ಯ, ಎಂಬತ್ತರ ಅಂಚಿನಲ್ಲಿ ಎರಡೂ ಮಂಡಿಗಳು ಮುಷ್ಕರ ಹೂಡಿದ ಮೇಲೂ, ನಡೆಯುವಾಗ ತುಟಿಯಲ್ಲೇ ಎಣಿಸುತ್ತಾರೆ. ವಯಸ್ಸು ಅವರ ಹೆಜ್ಜೆಯನ್ನು ಗಿಡ್ಡ ಮಾಡಿದೆಯೇ ಹೊರತು ಅದರ ಸಮತೆಯನ್ನು ಕದಲಿಸಿಲ್ಲ. “ಹೋದ ವರ್ಷ ಇಪ್ಪತ್ತು ಇಂಚು ಇತ್ತು ಡಾಕ್ಟ್ರಮ್ಮ, ಈ ವರ್ಷ ಹದಿನಾರು. ಲೆಕ್ಕ ಬದಲಾಯಿಸ್ಕೊಂಡಿದೀನಿ ಅಷ್ಟೆ,” ಎಂದು ಮೊದಲ ಭೇಟಿಯಲ್ಲೇ ಹೇಳಿದ್ದರು. ನಾನು ಡಾಕ್ಟರಲ್ಲ, ಫಿಸಿಯೋಥೆರಪಿಸ್ಟ್ ಎಂದು ಹತ್ತಾರು ಸಲ ತಿದ್ದಿದ್ದೇನೆ. ಉಳಿದೆಲ್ಲದರಲ್ಲೂ ಕೂದಲೆಳೆಯ ವ್ಯತ್ಯಾಸ ಸಹಿಸದ ಅವರು ಈ ಒಂದು ತಪ್ಪನ್ನು ಮಾತ್ರ ಇಂದಿಗೂ ಬಿಟ್ಟಿಲ್ಲ.

ಹಿರಿಯರು ಬೆಳಿಗ್ಗೆ ಬಂದು ಸಂಜೆ ಮನೆಗೆ ಮರಳುವ ಒಂದು ಹಗಲು ಕೇಂದ್ರ ಅದು. ನಾನು ಪ್ರತಿ ಮಂಗಳವಾರ ಹೋಗುತ್ತೇನೆ. ಅಲ್ಲಿ ಅವರು ಎಲ್ಲರಿಗೂ ಸರಪಳಿ ತಾತ, ಏಕೆಂದರೆ ಅವರ ಕಾಲದಲ್ಲಿ ಭೂಮಿ ಅಳೆಯುತ್ತಿದ್ದುದು ಕಬ್ಬಿಣದ ಸರಪಳಿಯಲ್ಲಿ. ಬಿಸಿಲಿರಲಿ, ಚಳಿಯಿರಲಿ, ಆರು ಜೇಬಿನ ಖಾಕಿ ಕೋಟು ಮೈಮೇಲೆ ಇರಲೇಬೇಕು. ಒಂದರಲ್ಲಿ ಅಳತೆಪಟ್ಟಿ, ಇನ್ನೊಂದರಲ್ಲಿ ಮೋಟು ಪೆನ್ಸಿಲು, ಮಿಕ್ಕವುಗಳಲ್ಲಿ ಏನಿದೆಯೆಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಒಮ್ಮೆ ಪಕ್ಕದ ಮನೆಯವರ ಕಾಂಪೌಂಡಿನ ತಕರಾರಿನಲ್ಲಿ ತಾವೇ ಅಳೆದು, ತಮ್ಮ ಹಿತ್ತಿಲಿನ ಒಂದು ಗೇಣು ಜಾಗ ಅವರಿಗೇ ಸೇರಿದ್ದೆಂದು ತೀರ್ಪು ಕೊಟ್ಟುಬಿಟ್ಟರಂತೆ. ಈ ಕತೆಯನ್ನು ಹೇಳುತ್ತಿದ್ದ ಅವರ ಮಗಳು “ಅಮ್ಮ ಒಂದು ತಿಂಗಳು ಮಾತು ಬಿಟ್ಟಿದ್ರು” ಎಂದಾಗ ತಾತ ಪತ್ರಿಕೆಯಿಂದ ತಲೆಯೆತ್ತದೆ “ಇಪ್ಪತ್ತೊಂಬತ್ತು ದಿನ” ಎಂದು ತಿದ್ದಿದರು.

ನನ್ನ ಅಧ್ಯಯನ ಬಲು ಸರಳವಾದದ್ದು. ಹನ್ನೊಂದು ಜನ ಹಿರಿಯರಿಗೆ ಹನ್ನೆರಡು ವಾರ ವ್ಯಾಯಾಮ ಮಾಡಿಸುವುದು. ನೆಲದ ಮೇಲೆ ಎರಡು ಬಣ್ಣದ ಟೇಪು ಅಂಟಿಸಿ, ನಡುವಿನ ನಾಲ್ಕು ಮೀಟರನ್ನು ಎಷ್ಟು ಸೆಕೆಂಡಿನಲ್ಲಿ ನಡೆಯುತ್ತಾರೆಂದು ಆಗಾಗ ನೋಡುವುದು. ನಡಿಗೆ ಚುರುಕಾದರೆ ವ್ಯಾಯಾಮ ಫಲಿಸಿತು ಎಂದರ್ಥ. ಮೊದಲ ದಿನ ನಾನು ಟೇಪು ಅಂಟಿಸಿ ಮೇಲೇಳುವಷ್ಟರಲ್ಲಿ ತಾತ ಕಷ್ಟಪಟ್ಟು ಬಗ್ಗಿ ಅಳತೆಪಟ್ಟಿ ಹಿಡಿದಿದ್ದರು. “ಎರಡು ಬೆರಳು ಕಮ್ಮಿ ಇದೆ ಡಾಕ್ಟ್ರಮ್ಮ. ಅಳೆಯೋರು ಅಂದ್ಮೇಲೆ ಹೀಗೆಲ್ಲ ಮಾಡಬಾರ್ದು,” ಎಂದರು. ನಾನು ನಕ್ಕು ಟೇಪು ಸರಿಸಿದೆ. ಅಂದು ಅವರು ತೆಗೆದುಕೊಂಡದ್ದು ಎಂಟು ಸೆಕೆಂಡು.

ಎಂಟು ವಾರ ಕಳೆದರೂ ನಡಿಗೆಯ ವೇಗ ತೋರಿಸುವ ಗ್ರಾಫಿನ ಗೆರೆ ಜಪ್ಪಯ್ಯ ಅಂದರೂ ಮೇಲೇಳಲಿಲ್ಲ. ವೃದ್ಧಾಪ್ಯದ ಅಧ್ಯಯನಕಾರರ ದೊಡ್ಡ ಸಮ್ಮೇಳನಕ್ಕೆ ಹೆಸರು ಕಳಿಸಿಯಾಗಿತ್ತು. ಹೇಳಿಕೊಳ್ಳುವಂಥ ಫಲಿತಾಂಶ ಇಲ್ಲದಿದ್ದರೆ ಅಲ್ಲಿ ಹಲಗೆಗೆ ತೂಗುಹಾಕುವ ಪೋಸ್ಟರ್ ಬೇಡವೆಂದು ನನ್ನ ಮಾರ್ಗದರ್ಶಕರು ಫೋನಿನಲ್ಲಿ ಕಡ್ಡಿ ಮುರಿದ ಹಾಗೆ ಹೇಳಿದ ದಿನ, ಕೇಂದ್ರದ ಪಡಸಾಲೆಯಲ್ಲೇ ನಿಂತು ಅತ್ತುಬಿಟ್ಟೆ. ಬೆಂಚಿನ ಮೇಲೆ ತಾತ ಕೂತಿದ್ದರು. ಫೋನಿನಲ್ಲಿ ನಾನಾಡಿದ್ದೆಲ್ಲ ಅವರ ಕಿವಿಗೆ ಬಿದ್ದಿತ್ತು. ಅದಾದ ಮೇಲಿನ ಪ್ರತಿ ಮಂಗಳವಾರವೂ ಅವರ ನಡಿಗೆ ಚುರುಕಾಗುತ್ತ ಬಂತು: ಏಳು ಸೆಕೆಂಡು, ಆರು, ಕೊನೆಗೆ ನಾಲ್ಕೂವರೆ. ಉಳಿದವರ ಚುಕ್ಕೆಗಳು ಇದ್ದಲ್ಲೇ ತೂಕಡಿಸುತ್ತಿದ್ದವು. ಅವರದೊಂದು ಚುಕ್ಕೆ ಇಡೀ ಸರಾಸರಿಯನ್ನು ಹೆಗಲ ಮೇಲೆ ಹೊತ್ತು ಎತ್ತಿತು.

ಪೋಸ್ಟರಿಗಾಗಿ ಎರಡು ವಾರ ಒದ್ದಾಡಿದೆ. ವಾಕ್ಯಗಳನ್ನು ಕತ್ತರಿಸಿದೆ, ಬಣ್ಣಗಳನ್ನು ಬದಲಿಸಿದೆ, ಖಾಕಿ ಕೋಟಿನ ಅಂಚು ಮತ್ತು ಎರಡು ಕಾಲುಗಳಷ್ಟೇ ಕಾಣುವ ಚಿತ್ರವೊಂದನ್ನು ನಡುವೆ ಕೂರಿಸಿದೆ. ಲ್ಯಾಪ್‌ಟಾಪಿನಲ್ಲಿ ಕರಡು ತೋರಿಸಿದಾಗ ತಾತ ಕೇಳಿದರು, “ಇದ್ರಲ್ಲಿ ನಾನ್ಯಾರು?” ಏಳನೇ ಚುಕ್ಕೆ ಎಂದೆ. “ಎಲ್ಲರಿಗಿಂತ ಮೇಲೆ ಕೂತಿದೀನಲ್ಲ,” ಎಂದು ಚುಕ್ಕೆಯಿಂದ ಕೆಳಗಿನ ಗೆರೆಯವರೆಗೆ ಬೆರಳಲ್ಲೇ ಅಳೆದರು. ಅದನ್ನು ನಾನು ಹೆಮ್ಮೆ ಎಂದುಕೊಂಡೆ.

ಸಮ್ಮೇಳನಕ್ಕೆ ಮೂರು ದಿನ ಉಳಿದಿರುವಾಗ ಮಗಳು ನನ್ನನ್ನು ಗೇಟಿನ ಬಳಿ ನಿಲ್ಲಿಸಿದಳು. “ಮೇಡಮ್, ಮಂಗಳವಾರ ನೀವು ಬರ್ತೀರಿ ಅಂತ ಅಪ್ಪ ಬೆಳಿಗ್ಗೆನೇ ನೋವಿನ ಮಾತ್ರೆ ಎರಡೆರಡು ನುಂಗ್ತಾರೆ. ಬುಧವಾರ, ಗುರುವಾರ ಹಾಸಿಗೆ ಬಿಟ್ಟು ಏಳೋದಿಲ್ಲ. ಈಗ ಹೊಟ್ಟೆ ಉರಿ ಬೇರೆ ಶುರುವಾಗಿದೆ. ನಿಮಗೆ ಹೇಳಬಾರ್ದು ಅಂತ ಆಣೆ ಹಾಕಿಸ್ಕೊಂಡಿದಾರೆ.” ಮಾತ್ರೆ ನಿಲ್ಲಿಸಿಬಿಡಿ ಎಂದೆ. ಪೋಸ್ಟರನ್ನು ನಿಲ್ಲಿಸುತ್ತೇನೆ ಎನ್ನಲಿಲ್ಲ. ಅದು ಆಗಲೇ ಮುದ್ರಣವಾಗಿ, ಸುರುಳಿ ಸುತ್ತಿ, ನನ್ನ ಮೇಜಿನ ಮೇಲಿತ್ತು.

ಅಧ್ಯಯನದಲ್ಲಿ ಪಾಲ್ಗೊಂಡ ಹಿರಿಯರನ್ನೂ ಕರೆತರಬಹುದೆಂದು ಸಂಘಟಕರು ಬರೆದಿದ್ದರು. ಬೇಡ ಎನ್ನಲು ನನಗೆ ಕಾರಣವಿತ್ತು, ಆದರೆ ಆ ಕಾರಣ ಹೇಳಲು ಬಾಯಿರಲಿಲ್ಲ. ತಾತ ಕೋಟಿಗೆ ಇಸ್ತ್ರಿ ಮಾಡಿಸಿಕೊಂಡು ತಯಾರಾಗಿ ಬಂದರು. ವಿಶಾಲವಾದ ಸಭಾಂಗಣದಲ್ಲಿ ಸಾಲುಸಾಲು ಹಲಗೆಗಳು, ಎಲ್ಲದರ ಮೇಲೂ ಮುದುಕರ ಮೂಳೆ, ಮರೆವು, ನಿದ್ರೆ. ಆದರೆ ಮುದುಕರು ಕೂರಲು ಒಂದು ಕುರ್ಚಿ ಇಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ನಾನೂ ಕೇಳಿ ತರಿಸಲಿಲ್ಲ. ಒಂದೂವರೆ ಗಂಟೆ ಅವರು ಹಲಗೆಯ ಪಕ್ಕ ನಿಂತೇ ಇದ್ದರು.

ಪೋಸ್ಟರುಗಳ ತೀರ್ಪುಗಾರರಾಗಿ ಬಂದವರು ಕನ್ನಡಕಕ್ಕೆ ದಾರ ಕಟ್ಟಿಕೊಂಡ ಒಬ್ಬ ಹಿರಿಯ ಪ್ರಾಧ್ಯಾಪಕಿ. ಏಳನೇ ಚುಕ್ಕೆಯ ಮೇಲೆ ಬೆರಳಿಟ್ಟು ಇದು ಹೇಗೆ ಸಾಧ್ಯವಾಯಿತೆಂದು ಕೇಳಿದರು. ನಾನು ತಾತನ ಕಡೆ ತೋರಿಸಿದೆ. “ಓ, ಇವರೇನಾ? ಸರ್, ಒಂದ್ಸಲ ನಡೆದು ತೋರಿಸ್ತೀರಾ?” ತಾತ ನನ್ನ ಮುಖ ನೋಡಿದರು. ಅಂದು ಮಾತ್ರೆಯಿಲ್ಲ ಎಂಬುದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಕೈ ತನ್ನಷ್ಟಕ್ಕೆ ಚೀಲಕ್ಕೆ ಹೋಯಿತು ಎಂದು ಬರೆಯಬಹುದಿತ್ತು. ಇಲ್ಲ, ಟೇಪು ತೆಗೆದವಳು ನಾನೇ, ಗೆರೆ ಅಂಟಿಸಿದವಳೂ ನಾನೇ.

ಮೊದಲ ಎರಡು ಮೀಟರ್ ಅವರು ಹೇಗೋ ಹಲ್ಲು ಕಚ್ಚಿ ಸಾಗಿದರು. ಮೂರನೆಯದರಲ್ಲಿ ತುಟಿಯ ಮೇಲಿನ ಎಣಿಕೆ ನಿಂತಿತು. ಆ ಹೆಜ್ಜೆಗಳು ಒಂದಕ್ಕೊಂದು ಸಮನಾಗಿಲ್ಲದ್ದನ್ನು ಅಂದೇ ಮೊದಲು ಕಂಡೆ. ಗೆರೆ ಮುಟ್ಟಲು ಇನ್ನೂ ಒಂದು ಹೆಜ್ಜೆ ಉಳಿದಿರುವಾಗ ನನ್ನ ಹೆಬ್ಬೆರಳು ಸೆಕೆಂಡು ಎಣಿಸುವ ಗಡಿಯಾರವನ್ನು ಒತ್ತಿ ನಿಲ್ಲಿಸಿತು. ಗಡಿಯಾರದಲ್ಲಿ ಏಳು ದಾಟಿತ್ತು. “ಐದು ಸೆಕೆಂಡು,” ಎಂದೆ, ಗಟ್ಟಿಯಾಗಿ.

ಪ್ರಾಧ್ಯಾಪಕಿ ಬರೆದುಕೊಳ್ಳುತ್ತಿದ್ದರು. ತಾತ ಕಾಲಡಿಯ ಟೇಪನ್ನು ನೋಡಿದರು, ನನ್ನ ಕೈಯಲ್ಲಿದ್ದ ಗಡಿಯಾರವನ್ನು ನೋಡಿದರು. ಎರಡು ಬೆರಳಿನ ಕೊರತೆಗೆ ನೆಲಕ್ಕೆ ಬಗ್ಗಿದ್ದ ಮನುಷ್ಯ, ಉಳಿದ ಆ ಒಂದು ಹೆಜ್ಜೆಯನ್ನು ಮೆಲ್ಲಗೆ ಇಟ್ಟು ಗೆರೆ ದಾಟಿ, ತಿರುಗಿ ಹೇಳಿದರು: “ಡಾಕ್ಟ್ರಮ್ಮ ಹೇಳಿದ್ದು ಸರಿಯಾಗಿದೆ ಮೇಡಮ್.”

ಅತ್ಯುತ್ತಮ ಪೋಸ್ಟರ್ ಎಂಬ ಪ್ರಶಸ್ತಿಪತ್ರ ನನಗೆ ಬಂತು. ಸಂಜೆ ಅವರನ್ನು ಕಾರಿನಿಂದ ಇಬ್ಬರು ಹಿಡಿದು ಇಳಿಸಬೇಕಾಯಿತು, ಹತ್ತು ದಿನ ಮಲಗಿದರು. ಆ ಹತ್ತು ದಿನ ನಾನು ಅತ್ತ ತಲೆ ಹಾಕಲಿಲ್ಲ. ಹನ್ನೊಂದನೆಯ ದಿನ ಅವರ ಮನೆಗೆ ಹೋದೆ, ಸಂಘಟಕರಿಗೆ ಕಳಿಸಿದ್ದ ಪತ್ರದ ಪ್ರತಿ ಹಿಡಿದುಕೊಂಡು. ಏಳನೆಯ ವ್ಯಕ್ತಿ ಪರೀಕ್ಷೆಗೆ ಮುನ್ನ ನೋವುನಿವಾರಕ ಸೇವಿಸುತ್ತಿದ್ದುದು ತಿಳಿದುಬಂದಿರುವುದರಿಂದ ಫಲಿತಾಂಶವನ್ನು ಹಿಂತೆಗೆದುಕೊಂಡು ಪ್ರಶಸ್ತಿಯನ್ನು ಹಿಂದಿರುಗಿಸುತ್ತಿದ್ದೇನೆ ಎಂದು ಅದರಲ್ಲಿ ಬರೆದಿದ್ದೆ. ಸಂಘಟಕರು ನನ್ನ ಪ್ರಾಮಾಣಿಕತೆಯನ್ನು ಹೊಗಳಿ ಉತ್ತರಿಸಿದ್ದರು, ಅದನ್ನೂ ಓದಿ ಹೇಳಿದೆ.

ತಾತ ಕಣ್ಣು ಮುಚ್ಚಿ ಕೇಳಿದರು. “ನಂದು ಸರಿಯಾಗಿ ಬರೆದಿದೀರಿ. ನಾನು ಹಾಗೆ ಮಾಡಬಾರ್ದಿತ್ತು,” ಎಂದರು. ಪತ್ರ ಇಸಿದುಕೊಂಡು, ಹಿಂದೆ ಮುಂದೆ ತಿರುಗಿಸಿ ಕೇಳಿದರು, “ಇನ್ನೊಂದು ಹಾಳೆ ಇದೆಯಾ?”

“ಇಲ್ಲ ತಾತ.”

“ಸರಿ ಬಿಡಿ. ನಿಮ್ಮಮ್ಮನ ಸೊಂಟ ನೋವು ಈಗ ಹೇಗಿದೆ?”

ಮತ್ತೆಂದೂ ಅವರು ಆ ಮಾತೆತ್ತಿಲ್ಲ. ಈಗ ಕೋಲು ಹಿಡಿದು ಬರುತ್ತಾರೆ, ಮಂಗಳವಾರ ನಾನು ಹೇಳಿದ ವ್ಯಾಯಾಮವನ್ನು ತಪ್ಪದೆ ಮಾಡುತ್ತಾರೆ, ಹೊಸಬರಿಗೆ ನನ್ನನ್ನು ತುಂಬ ಒಳ್ಳೆಯವರೆಂದು ಪರಿಚಯಿಸುತ್ತಾರೆ. ಅವರು ಕೇಳಿದ ಆ ಹಾಳೆಯನ್ನು, ನನ್ನ ತಪ್ಪಿನ ಹಾಳೆಯನ್ನು, ನಾನು ಯಾರಿಗೂ ಕಳಿಸಿಲ್ಲ. ಇಷ್ಟು ತಡವಾಗಿ ಇಲ್ಲಿ ಬರೆಯುತ್ತಿರುವುದೇ ಅದು. ಇಂಥವರು ತಮ್ಮ ತಪ್ಪಿಗೆ ಪಟ್ಟಿ ಹಿಡಿದು ನೂಲಿನಷ್ಟನ್ನೂ ಬಿಡದೆ ಅಳೆದುಕೊಳ್ಳುತ್ತಾರೆ. ಇನ್ನೊಬ್ಬರದು ಎಷ್ಟೆಂಬುದು ಅವರಿಗೆ ಕಣ್ಣಳತೆಯಲ್ಲೇ ತಿಳಿದಿರುತ್ತದೆ, ಅದನ್ನು ಹೇಳುವ ಹಕ್ಕನ್ನು ಮಾತ್ರ ಆ ಇನ್ನೊಬ್ಬರಿಗೇ ಬಿಟ್ಟು ಕಾಯುತ್ತಾರೆ. ನಾವದನ್ನು ಕ್ಷಮೆ ಎಂದುಕೊಂಡು ನಿರಾಳವಾಗಿ ಮನೆಗೆ ಹೋಗುತ್ತೇವೆ. ಅವರು ಕಾಯುತ್ತಲೇ ಇದ್ದಾರೆಂದು ತಿಳಿಯುವ ಹೊತ್ತಿಗೆ ಅವರ ಮುಖವನ್ನು ನೇರವಾಗಿ ನೋಡುವ ಶಕ್ತಿ ನಮ್ಮಲ್ಲಿ ಉಳಿದಿರುವುದಿಲ್ಲ.