ಎಡಸಾಲಿನ ಮೊದಲ ಜಾಗ

ಸನ್ಯಾಸಿಗಳ ನಿಲುವಂಗಿಯ ಒಂದು ತೋಳು ಹಾಕಿಸಿ ಆಗಿತ್ತು. ಇನ್ನೊಂದರ ಸರದಿ ಬಂದಾಗ ತಂಗಿ ಸತ್ತವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡವಳು ಬಿಡಲಿಲ್ಲ.

"ಬಿಡಿ ಅಮ್ಮಾ. ಕೈ ಸೆಟೆದುಕೊಂಡ್ರೆ ಆಮೇಲೆ ತೂರ್ಸೋಕಾಗಲ್ಲ," ಎಂದ ಅಡುಗೆಯ ಬ್ರದರ್.

"ನಮ್ಮಣ್ಣ ಗಾರೆ ಕೆಲಸದವನು. ಅವನಿಗೆ ಈ ವೇಷ ಯಾಕೆ? ಅಂಗಿಯಲ್ಲೇ ಮನೆಗೆ ಕರ್ಕೊಂಡು ಹೋಗ್ತೀನಿ. ಹೊರಗೆ ವ್ಯಾನ್ ನಿಂತಿದೆ. ಅಮ್ಮನ ಸಮಾಧಿ ಪಕ್ಕ ಜಾಗ ಇಟ್ಟಿದೀನಿ."

ಅಡುಗೆಯ ಬ್ರದರ್ ಪಕ್ಕದಲ್ಲಿದ್ದ ತೋಟದ ಬ್ರದರ್‌ನ ಮುಖ ನೋಡಿದ. ಹೊರಗೆ, ಈ ಮಠವನ್ನು ಸ್ಥಾಪಿಸಿದ ಮೊದಲ ಫಾದರ್ ಅವರ ಸಮಾಧಿಯ ಪಕ್ಕದಲ್ಲಿ ಗುಂಡಿ ತೋಡುವ ಗುದ್ದಲಿಯ ಸದ್ದು ಕೇಳುತ್ತಿತ್ತು.

"ನಿಮ್ಮಣ್ಣ, ನಮ್ಮ ಮೇಸ್ತ್ರಿ, ಸನ್ಯಾಸಿ ಅಲ್ವಾ ಅಮ್ಮಾ? ವ್ರತ ತಗೊಂಡವರು ಇಲ್ಲೇ ಮಣ್ಣಾಗ್ಬೇಕು."

"ಯಾವಾಗ ತಗೊಂಡ? ಕಣ್ಣಾರೆ ಕಂಡಿದ್ರಾ?"

"ನಾನು ಸೇರೋ ಹೊತ್ತಿಗೆ ಇಲ್ಲೇ ಇದ್ರಲ್ಲ," ಎಂದ ಅಡುಗೆಯವನು. ತೋಟದವನು ಹೇಳಿದ್ದೂ ಅದನ್ನೇ.

ಈಗಿನ ಹಿರಿಯ ಫಾದರ್ ಬಂದರು. ಎಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದು ಒರೆಸಿದರು. "ನಾನು ಬಂದ ದಿನ ಬಾಗಿಲು ತೆಗೆದವರೇ ಅವರು. ಆಗಲೇ ನಿಲುವಂಗಿ ಹಾಕಿದ್ರು."

"ಅದು ಚಳಿಗೆ ಅಂತ ಮೊದಲ ಫಾದರ್ ಕೊಟ್ಟಿದ್ದು. ನಂಗೆ ಅವನೇ ಹೇಳಿದ್ದ."

"ನಾನು ಕೇಳಲಿಲ್ಲಮ್ಮ."

"ಯಾಕೆ ಕೇಳ್ಲಿಲ್ಲ?"

"ಇಲ್ಲಿ ಮೌನ ನಿಯಮ. ಕೆಲಸಕ್ಕೆ ಬೇಕಾದಷ್ಟೇ ಮಾತು. ಯಾವ ಕೆಲಸಕ್ಕೂ ಆ ಮಾತು ಬೇಕಾಗಲಿಲ್ಲ."

"ಚೆನ್ನಾಗಿದೆ! ಒಂದೇ ಸಾಲಲ್ಲಿ ಕೂತು ಉಂಡು ತಲೆ ಬೆಳ್ಳಗೆ ಮಾಡ್ಕೊಂಡ್ರಿ. ಪಕ್ಕದವನು ಯಾರು ಅಂತ ಒಬ್ರಿಗೂ ಗೊತ್ತಿಲ್ಲ. ಬಸ್ಸಲ್ಲಿ ಕೂತವರೂ ಇಳಿಯೋದ್ರೊಳಗೆ ಊರು ಯಾವುದು ಅಂತ ಕೇಳ್ತಾರೆ."

ಅಡುಗೆಯವನಿಗೆ ನಗು ಬಂತು; ಕೆಮ್ಮಿ ನುಂಗಿಕೊಂಡ. ಹಿರಿಯ ಫಾದರ್ ನಗಲಿಲ್ಲ.

"ನಿಜ ಹೇಳ್ತೀನಿ. ಅವರು ಏನಾಗಿದ್ರೋ ನಂಗೆ ಗೊತ್ತಿಲ್ಲ. ವ್ರತ ಆಗಿಲ್ಲ ಅಂದ್ರೆ ಅವರು ನಿಮ್ಮವರು. ಒಂದು ಪ್ರಾರ್ಥನೆ ಮುಗಿಸಿಬಿಡ್ತೀವಿ. ಆಮೇಲೆ ನೀವು ಹೇಳಿದ ಹಾಗೆ."

ಫಾದರ್ ಕಿಟಕಿಯತ್ತ ಕೈಸನ್ನೆ ಮಾಡಿದರು; ಹೊರಗೆ ಗುದ್ದಲಿ ನಿಂತಿತು. ಗೆದ್ದೆ ಎಂದು ಅವಳಿಗೆ ಅನ್ನಿಸಬೇಕಿತ್ತು. ಅಣ್ಣನ ಕೈ ಬಿಟ್ಟಳು. ಅದು ಆಗಲೇ ಸೆಟೆದಿತ್ತು. ಒಂದು ಕೈ ನಿಲುವಂಗಿಯೊಳಗೆ, ಒಂದು ಕೈ ಹಳೇ ಗೀಟಿನ ಅಂಗಿಯಲ್ಲಿ, ಹಾಗೇ ಹಲಗೆಯ ಮೇಲೆ ಅವನನ್ನು ಪ್ರಾರ್ಥನಾಲಯಕ್ಕೆ ಹೊತ್ತರು.

*

ಎಷ್ಟೋ ವರ್ಷಗಳ ಹಿಂದೆ ವಾರದ ಕೆಲಸವೆಂದು ಮನೆಯಿಂದ ಹೊರಟವನು ಅಣ್ಣ. ಬೋಳು ಗುಡ್ಡದ ಮೇಲಿನ ಪಾಳು ಗೋದಾಮಿನಲ್ಲಿ ಮೂವರು ಸನ್ಯಾಸಿಗಳು ಮಠ ಶುರುಮಾಡಲು ಬಂದಿದ್ದರು. ನಡುವೆ ಒಂದು ಗೋಡೆ ಎಬ್ಬಿಸಬೇಕಿತ್ತು. ಗೋಡೆ ಎದೆಮಟ್ಟಕ್ಕೆ ಬರುವುದರೊಳಗೆ ಇಬ್ಬರು ಗಂಟುಮೂಟೆ ಕಟ್ಟಿದರು. ಉಳಿದದ್ದು ಆ ಮೊದಲ ಫಾದರ್ ಒಬ್ಬರೇ. ಸನ್ಯಾಸಿಗಳು ಕೀರ್ತನೆ ಹಾಡುವುದು ಎದುರುಬದುರು ಎರಡು ಸಾಲಾಗಿ: ಬಲಸಾಲು ಒಂದು ಚರಣ ಹೇಳಿದರೆ ಎಡಸಾಲು ಮುಂದಿನದು. ಒಬ್ಬನೇ ಎರಡು ಸಾಲಾಗಲಾರ. ಫಾದರ್ ಮೇಸ್ತ್ರಿಯನ್ನು ಅಟ್ಟಣಿಗೆಯಿಂದ ಇಳಿಸಿದರು.

"ಯಾರಾದ್ರೂ ಬರೋವರೆಗೆ ಆ ಕಡೆ ನಿಂತ್ಕೋ ಅಂದ್ರು," ಎಂದು ಅಣ್ಣ ಮನೆಯಲ್ಲಿ ಹೇಳಿದ್ದ.

"ಗೋಡೆ ಕಟ್ಟೋಕೆ ಹೋದವನು ನೀನೇ ಗೋಡೆಯಾದೆಯಲ್ಲೋ," ಎಂದು ಅಮ್ಮ ನಕ್ಕಿದ್ದಳು. ಆಮೇಲೆ ನಗುವುದನ್ನು ಬಿಟ್ಟಳು. ಸಾಯುವಾಗ ಮಗಳಿಂದ ಮಾತು ತೆಗೆದುಕೊಂಡಳು: ಹೇಗಾದರೂ ಅವನನ್ನು ಮನೆಗೆ ಕರೆದು ತಾ.

ವರ್ಷಕ್ಕೊಮ್ಮೆ ತಂಗಿಯ ಮನೆ ರಿಪೇರಿಗೆಂದು ಅವನು ಬರುತ್ತಿದ್ದ. ಕರಣೆ ಆಡಿಸುತ್ತಾ ಏನೋ ಗುನುಗುವನು. ಒಂದು ಸಾಲು ಹೇಳಿ ಸುಮ್ಮನಾಗುವನು, ಮತ್ತೆ ಒಂದು ಸಾಲು. ಇಟ್ಟಿಗೆ ಕೊಡುತ್ತಾ ಕೊಡುತ್ತಾ ಅವಳಿಗೂ ಅದು ಬಾಯಿಪಾಠವಾಗಿತ್ತು.

"ಬರೀ ಉತ್ತರ ಹೇಳ್ತೀಯಲ್ಲಣ್ಣ, ಪ್ರಶ್ನೆ ಎಲ್ಲಿ?"

"ಅದು ಆ ಕಡೆಯವರದ್ದು."

"ಈಗ ಎರಡು ಸಾಲೂ ತುಂಬಿದೆಯಂತೆ. ಇನ್ನೂ ಯಾಕೆ ಅಲ್ಲಿ?"

"ಫಾದರ್ ಸಾಕು ಅನ್ನಲಿಲ್ಲ."

"ಆ ಪುಣ್ಯಾತ್ಮ ಸತ್ತೇ ಹೋದ್ರು. ಇನ್ನು ಸಾಕು ಅನ್ನೋರು ಯಾರು?"

ಅವನು ಹಿಂದಿರುಗಿ ನೋಡದೆ ಅಂಗೈ ಎತ್ತಿದ್ದ. ಇರು, ಎಂಬಂತೆ. ಗಾರೆ ಒಣಗುವುದರೊಳಗೆ ಇಟ್ಟಿಗೆ ಕೂರಿಸಬೇಕಿತ್ತು.

*

ಹಲಗೆಯನ್ನು ಎರಡು ಸಾಲುಗಳ ನಡುವೆ ಇಟ್ಟರು. ಎಡಸಾಲಿನ ಮೊದಲ ಜಾಗ ಖಾಲಿಯಿತ್ತು. ಅದರ ಪಕ್ಕ, ಅಣ್ಣನ ತೋಳಿನ ಬಳಿ, ಅವಳು ನಿಂತಳು.

ಬಲಸಾಲು ಮೊದಲ ಚರಣ ಹಾಡಿ ನಿಲ್ಲಿಸಿತು.

ಎಡಸಾಲು ಸುಮ್ಮನಿತ್ತು. ಅಡುಗೆಯವನು ಬಾಯಿ ತೆರೆದು ಮುಚ್ಚಿದ. ತೋಟದವನು ಖಾಲಿ ಜಾಗದ ಕಡೆ ಕಣ್ಣು ಹಾಯಿಸಿದ. ಉತ್ತರದ ಮೊದಲ ಸ್ವರ ಎತ್ತುತ್ತಿದ್ದವನು ಮೇಸ್ತ್ರಿ. ಅವನ ಹಿಂದೆ ಹಾಡಿ ರೂಢಿಯಾದವರಿಗೆ ಎಲ್ಲಿಂದ ಹಿಡಿಯಬೇಕೆಂದು ತಿಳಿಯಲಿಲ್ಲ. ಹಿರಿಯ ಫಾದರ್ ಎದುರಿನಿಂದ ತಲೆ ಆಡಿಸಿದರು, ಹೇಳಿ ಎಂದು.

ಬಲಸಾಲು ಹಾಡಿದ್ದು ಅವಳು ಈವರೆಗೆ ಕೇಳದಿದ್ದ ಸಾಲು, ಆ ಕಡೆಯದ್ದು. ಆದರೂ ಅದರ ಮುಂದಿನದು, ಅಣ್ಣ ಗುನುಗುತ್ತಿದ್ದದ್ದು, ಯಾವುದೆಂದು ನಾಲಿಗೆಗೆ ಗೊತ್ತಿತ್ತು. ತಾನು ಹಾಡುತ್ತಿದ್ದೇನೆಂದು ಅವಳಿಗೆ ಅರಿವಾಗುವ ಹೊತ್ತಿಗೆ ಅರ್ಧ ಚರಣ ಆಗಿತ್ತು. ಶ್ರುತಿಯಿಲ್ಲ, ಅಣ್ಣನ ಹಾಗೆ ಮೂಗಿನಲ್ಲೇ. ಉಳಿದರ್ಧಕ್ಕೆ ಇಡೀ ಎಡಸಾಲು ಬಂದು ಸೇರಿತು.

ಇದೇನು ಮಾಡಿದೆ? ನಿಲ್ಲಿಸಬೇಕೆಂದುಕೊಂಡಳು. ಹೊರಗೆ ವ್ಯಾನಿನ ಹಾರನ್ ಕೂಗಿತು. ಮತ್ತೊಮ್ಮೆ. ಡ್ರೈವರ್ ಬಾಗಿಲಿಗೇ ಬಂದ.

"ಅಕ್ಕಾ, ಹೊರಡೋದಾ?"

ಅವಳು ಹಿಂದಿರುಗಿ ನೋಡದೆ ಅಂಗೈ ಎತ್ತಿದಳು. ಆ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ, ಜೋಲುತ್ತಿದ್ದ ನಿಲುವಂಗಿಯ ಖಾಲಿ ತೋಳನ್ನು ಎತ್ತಿ ಅಣ್ಣನ ಗೀಟಿನ ಅಂಗಿಯ ಮೇಲೆ ಹೊದಿಸಿದಳು. ಬಲಸಾಲು ತನ್ನ ಚರಣ ಮುಗಿಸಿ, ತಲೆಯೆತ್ತಿ ಅವಳನ್ನು ನೋಡುತ್ತ ಕಾದಿತ್ತು.